ಗೋಡೆಗೆ ಮುಖ ಮಾಡಿ ಕೂತವರು

ನಮ್ಮ ತರಗತಿಯಲ್ಲಿ ಗುಡ್ಡದ ಕಡೆಯವಳು ಅವಳೊಬ್ಬಳೇ. ಅವಳು ಮಾಡಿದ ತಪ್ಪೇ ಅದು.

ನಾವು ಏಳು ಜನ ಆಸ್ಪತ್ರೆಯೊಂದರಲ್ಲಿ ಕ್ಲಿನಿಕಲ್ ಸೈಕಾಲಜಿ ಕಲಿಯುತ್ತಿದ್ದೆವು. ಬೇರೆ ಬೇರೆ ಸಂಸ್ಕೃತಿಯ ರೋಗಿಗಳನ್ನು ಅರಿಯುವ ಪಾಠ ಹೇಳುತ್ತಿದ್ದ ಮೇಡಂ ಚಿನ್ನದಂಥ ಹೆಂಗಸು. ಆದರೆ ವಿಷಯ ಯಾವುದೇ ಇರಲಿ, ಕೊನೆಗೆ ಕನ್ನಡಕ ಸರಿಮಾಡಿಕೊಂಡು ಅವಳ ಕಡೆ ತಿರುಗುವರು.

"ನಿಮ್ಮಲ್ಲಿ ಹೇಗಮ್ಮ?"

ಹೆರಿಗೆಯಾದರೆ ನಿಮ್ಮಲ್ಲಿ ಹೇಗೆ, ಸತ್ತರೆ ಹೇಗೆ, ಗಂಡ ಕುಡಿದು ಬಂದರೆ ಹೇಗೆ! ಅವಳಪ್ಪ ಗುಡ್ಡ ಇಳಿದು ಪಂಕ್ಚರ್ ಅಂಗಡಿ ಇಟ್ಟಾಗ ಅವಳಿನ್ನೂ ತೊದಲು ಮಾತಿನ ಕೂಸು. ಅವಳಿಗೆ ಗೊತ್ತಿದ್ದ ಪದ್ಧತಿ ಟ್ಯೂಬಿಗೆ ತೇಪೆ ಹಾಕುವುದೊಂದೇ. "ಗೊತ್ತಿಲ್ಲ ಮೇಡಂ" ಎಂದರೆ, "ಸಂಕೋಚ ಬೇಡಮ್ಮ" ಎಂದು ಬೆನ್ನು ಸವರುವರು.

ಸಹನೆಗೂ ಒಂದು ಮಿತಿ ಬೇಡವೇ? ದುಃಖದ ಪಾಠದ ದಿನ ಈ ಪುಣ್ಯಾತ್ಗಿತ್ತಿ ಮುಖದ ಗೆರೆಯೊಂದೂ ಅಲ್ಲಾಡದಂತೆ ಹೇಳಿದಳು: "ನಮ್ಮಲ್ಲಿ ದುಃಖದಲ್ಲಿರೋರ ಹತ್ರ ಹೋದ್ರೆ ಗೋಡೆ ಕಡೆ ಮುಖ ಮಾಡಿ ಕೂತ್ಕೋತೀವಿ ಮೇಡಂ. ಅವ್ರೇ ಕರೆಯೋ ತನಕ ತಿರುಗಲ್ಲ."

"ಎಂಥ ಗೌರವ!" ಎಂದ ಮೇಡಂ ಕಣ್ಣಂಚು ಒದ್ದೆಯಾಯಿತು. ಎಲ್ಲರೂ ಬರೆದುಕೊಂಡರು. ಕ್ಯಾಂಟೀನಿನಲ್ಲಿ ಅವಳು ನಿಜ ಹೇಳಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

"ಸಿಕ್ಕಿಬಿದ್ರೆ?"

"ಗುಡ್ಡದೋರು ಇಲ್ಲಿಗೆ ಯಾರ್ ಬರ್ತಾರೆ ಬಿಡೇ."

ಬಂದರು. ನಮ್ಮ ಕೋರ್ಸ್ ಮುಗಿದ ಪತ್ರಕ್ಕೆ ಮೇಡಂ ಸಹಿ ಬೀಳಬೇಕಿದ್ದ ದಿನವೇ, ಗಂಡ ತೀರಿಕೊಂಡ ಮೇಲೆ ಮಾತು ಬಿಟ್ಟಿದ್ದ ಗುಡ್ಡದ ಅಜ್ಜಿಯೊಬ್ಬಳು ವಾರ್ಡಿಗೆ ಸೇರಿದಳು. ಆ ಸಹಿ ಇಲ್ಲದಿದ್ದರೆ ಎರಡು ವರ್ಷದ ಓದು ನೀರುಪಾಲು. ಅವಳಪ್ಪ ಆಗಲೇ ಪಂಕ್ಚರ್ ಬೋರ್ಡಿನ ಕೆಳಗೆ ಮಗಳ ಹೆಸರು, ಡಿಗ್ರಿ ಎಲ್ಲ ಬರೆಸಿಬಿಟ್ಟಿದ್ದ.

"ಮೇಡಂ, ಒಂದ್ನಿಮಿಷ, ಆ ಗೋಡೆ ವಿಷ್ಯ..." ಎಂದು ಅವಳು ಹಿಂದೆ ಹಿಂದೆ ಓಡಿದಳು.

"ಶ್! ನಿಮ್ಮ ಸಂಪ್ರದಾಯ ಕಣಮ್ಮ, ತಪ್ಪಿಸ್ಬಾರ್ದು." ಮೇಡಂ ಅಜ್ಜಿಯ ಮಂಚದ ಪಕ್ಕದ ಸ್ಟೂಲನ್ನು ಗೋಡೆಯ ಕಡೆ ತಿರುಗಿಸಿಯೇಬಿಟ್ಟರು. ನಾವೂ ತಿರುಗಿಸಿದೆವು. ಬಿಳಿ ಕೋಟು ತೊಟ್ಟ ಎಂಟು ಜನ ಬಣ್ಣ ಕಿತ್ತ ಗೋಡೆಗೆ ಮೂಗು ತಾಗಿಸಿಕೊಂಡು ಕೂತೆವು. ನನ್ನ ಕಣ್ಣೆದುರೇ ಜಿರಳೆಯೊಂದು ಮೀಸೆ ಅಲ್ಲಾಡಿಸುತ್ತಿತ್ತು. ನಗು ತಡೆಯಲಾರದೆ ಪಕ್ಕಕ್ಕೆ ನೋಡಿದರೆ, ಅವಳು ಕಣ್ಣು ಮುಚ್ಚಿ ಗೋಡೆಗೆ ಹಣೆ ಒತ್ತಿಕೊಂಡಿದ್ದಳು. ನನ್ನ ನಗು ಅಲ್ಲೇ ಇಂಗಿತು.

ಬಹಳ ಹೊತ್ತಾದ ಮೇಲೆ ಹಿಂದಿನಿಂದ ದನಿ ಬಂತು. "ನರ್ಸಮ್ಮಾ, ಬೇಗ ಬಾರಮ್ಮಾ! ಪಾಪ, ಇವ್ರಿಗೆಲ್ಲ ಏನಾಗಿದೆ? ಮನೇಲಿ ನೋಡ್ಕೊಳ್ಳೋರು ಯಾರೂ ಇಲ್ವಾ?"

ಅಜ್ಜಿ ಮಾತಾಡಿದ್ದಳು! ಮೇಡಂ ಸಂಭ್ರಮದಿಂದ ತಿರುಗಿ, "ನಿಮ್ಮ ಪದ್ಧತಿ ಪ್ರಕಾರಾನೇ ಕೂತಿದ್ವಿ ಅಜ್ಜಿ" ಎಂದರು.

"ಯಾವ ಪದ್ಧತಿ? ಗುಡ್ಡದಲ್ಲೇ ಹುಟ್ಟಿ, ಅಲ್ಲೇ ಹಲ್ಲು ಉದುರಿಸ್ಕೊಂಡೋಳು ನಾನು. ತಲೆಕೆಟ್ಟೋರೂ ಹೀಗೆ ಕೂರಲ್ಲ!"

ಕಾರಿಡಾರಿಗೆ ಬಂದಾಗ ಮೇಡಂ ಮುಖ ಕೆಂಡವಾಗಿತ್ತು. ಇನ್ನೂ ಸಹಿ ಬೀಳದ ಅವಳ ಪತ್ರ ಅವರ ಕೈಯಲ್ಲೇ ಇತ್ತು. "ಬೇಕಂತಲೇ ಸುಳ್ಳು ಹೇಳಿದ್ಯಾ? ನಿಮ್ಮಲ್ಲಿ ಗುರುಗಳ ಹತ್ರ..." ಎಂದವರು ನಾಲಿಗೆ ಕಚ್ಚಿಕೊಂಡರು. ಪತ್ರವನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಸಿಟ್ಟು ಬಂದ್ರೆ... ನೀನು ಏನ್ಮಾಡ್ತೀಯಮ್ಮ?"

ಎರಡು ವರ್ಷದಲ್ಲಿ ಅವಳೊಬ್ಬಳ ಬಗ್ಗೆ ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು. ಅವಳ ಕಣ್ಣಿಂದ ದಳದಳನೆ ನೀರಿಳಿಯಿತು.

"ಸುಳ್ಳು ಹೇಳ್ತೀನಿ ಮೇಡಂ."

ಮೇಡಂ ಪೆನ್ನಿಗಾಗಿ ಕೋಟಿನ ಜೇಬೆಲ್ಲ ತಡಕಾಡಿದರು. ಸಿಗಲಿಲ್ಲ. ನಾನು ನನ್ನದನ್ನು ಕೊಟ್ಟೆ.