ಹತ್ತು ರೊಟ್ಟಿಯ ಹೊತ್ತು

ನೀರಿನಲ್ಲಿ ಕಬ್ಬಿಣ ಕುದಿಯುವಾಗ ಒಂದು ವಾಸನೆ ಬರುತ್ತದೆ. ಬಾವಿಯ ತುಕ್ಕು ಹಿಡಿದ ಸರಪಳಿ ಹಿಡಿದು ಆಮೇಲೆ ಕೈ ಮೂಸಿ ನೋಡಿದವರಿಗೆ ಅದು ಗೊತ್ತು. ಮೊನ್ನೆ ಹುಮನಾಬಾದಿನ ನಮ್ಮ ನರ್ಸ್ ತರಬೇತಿ ಶಾಲೆಯಲ್ಲಿ ಪ್ರಾಯೋಗಿಕ ಪರೀಕ್ಷೆ ನಡೆದಿತ್ತು. ಸ್ಟೋವಿನ ಮೇಲೆ ಪಾತ್ರೆ, ಪಾತ್ರೆಯಲ್ಲಿ ಹಳೆಯದೊಂದು ಕತ್ತರಿ, ಸುತ್ತ ಎಂಟು ಹುಡುಗಿಯರು. ಹೊಕ್ಕಳ ಬಳ್ಳಿ ಕತ್ತರಿಸುವ ಕತ್ತರಿ ಎಷ್ಟು ಹೊತ್ತು ಕುದಿಯಬೇಕು ಎಂದು ಕೇಳಿದೆ. "ಇಪ್ಪತ್ತು ನಿಮಿಷ, ಮೇಡಂ" ಎಂದು ಎಂಟೂ ಬಾಯಿಗಳು ಒಟ್ಟಿಗೆ ಹೇಳಿದವು. ಸರಿಯಾದ ಉತ್ತರ. ಬೇರೆ ಯಾರಾದರೂ ಆಗಿದ್ದರೆ ಸಂತೋಷಪಟ್ಟು ಅಂಕ ಹಾಕಿ ಚಹಾಕ್ಕೆ ಏಳುತ್ತಿದ್ದರು. ನಾನು ಏಳಲಿಲ್ಲ. ಎಂಟು ಜನ ಒಂದೇ ಮಾತು ಹೇಳಿದರೆ ಅಲ್ಲಿ ಏನೋ ನಡೆದಿದೆ ಎಂದು ತಿಳಿಯುವವಳು ನಾನು. ಈ ಸಂಶಯ ನನಗೆ ಹುಟ್ಟಿನಿಂದ ಬಂದದ್ದು. ಅದರ ಮೇಲೆ ಎಂ.ಎಸ್ಸಿ. ಬೇರೆ ಆಗಿದೆ.

ಹುಟ್ಟಿನಿಂದ ಎನ್ನುವುದಕ್ಕಿಂತ ಅವ್ವನಿಂದ ಎಂದರೆ ಸರಿ. ದುಬಲಗುಂಡಿಯಲ್ಲಿ ನಮಗೆ ಒಂದು ತುಂಡು ಹೊಲವಿತ್ತು, ಆ ಒಂದು ತುಂಡಿಗೆ ಮೂರು ಕಾಗದಗಳಿದ್ದವು. ನಿಜಾಮನ ಕಾಲದ್ದು ಉರ್ದುವಿನಲ್ಲಿತ್ತು. ನಿಜಾಮ ಹೋದ ಮೇಲೆ ಇನ್ನೊಂದು ಬಂತು. ನಾನು ಶಾಲೆಗೆ ಸೇರಿದ ವರ್ಷ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಆಗ ಕನ್ನಡದಲ್ಲಿ ಮೂರನೆಯದು. ಪ್ರತಿ ಸಲವೂ ಕಚೇರಿಯವರು ಹಿಂದಿನ ಕಾಗದ ನಡೆಯುವುದಿಲ್ಲ ಎಂದರು. ಅವ್ವ ಮೂರನ್ನೂ ತಗಡಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಜೋಳ ತುಂಬಿಡುವ ಗುಮ್ಮಿಯೊಳಗೆ ಹುಗಿದಿದ್ದಳು. "ಕೊಟ್ಟೋರು ಕಸಗೋತಾರ ಯವ್ವಾ. ಕಾಗದಕ್ಕ ಭರೋಸಾ ಇಲ್ಲ" ಎನ್ನುವುದು ಅವಳ ಮಾತು. ಓದು ಬರಹ ಬಾರದ ಅವ್ವ ನನ್ನನ್ನು ಶಾಲೆಗೆ ಕಳಿಸಿದ್ದು ವಿದ್ಯೆಯ ಮೇಲಿನ ಪ್ರೀತಿಯಿಂದ ಎಂದು ನಾನು ಸಭೆಗಳಲ್ಲಿ ಹೇಳಿಕೊಂಡಿದ್ದೇನೆ. ನಿಮ್ಮ ಹತ್ತಿರ ನಿಜ ಹೇಳುತ್ತೇನೆ. ಆ ಮೂರು ಕಾಗದಗಳಲ್ಲಿ ಏನು ಬರೆದಿದೆಯೆಂದು ಓದಿ ಹೇಳಲು ಮನೆಯದೇ ಒಬ್ಬರು ಬೇಕಾಗಿತ್ತು, ಅಷ್ಟೇ.

ನಾನು ನರ್ಸ್ ಆದೆ, ಬಸವಕಲ್ಯಾಣದ ದವಾಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಗೇ ಸಾಕೆಂದು ಎಲ್ಲರೂ ಅಂದರು. ಸಾಕೆನಿಸಲಿಲ್ಲ, ಅದಕ್ಕೆ ಕಾರಣವಿತ್ತು. ಹುಟ್ಟಿ ಏಳೆಂಟು ದಿನವಾದ ಕೂಸುಗಳನ್ನು ಹಳ್ಳಿಗಳಿಂದ ಎತ್ತಿಕೊಂಡು ಬರುತ್ತಿದ್ದರು. ದವಡೆ ಕಚ್ಚಿಕೊಂಡಿರುತ್ತಿತ್ತು, ಮೊಲೆ ಹಿಡಿಯುತ್ತಿರಲಿಲ್ಲ, ಮುಟ್ಟಿದರೆ ಮೈ ಬಿಲ್ಲಿನಂತೆ ಸೆಟೆಯುತ್ತಿತ್ತು. ಧನುರ್ವಾಯು. ಹೊಕ್ಕಳ ಕೊಯ್ದ ಕುಡುಗೋಲಿನಿಂದ ಬಂದದ್ದು, ಮೇಲೆ ಹಚ್ಚಿದ ಸಗಣಿಯ ಬೂದಿಯಿಂದ ಬಂದದ್ದು. ನಮ್ಮ ಹತ್ತಿರ ಬರುವ ಹೊತ್ತಿಗೆ ಮಾಡುವುದೇನೂ ಉಳಿದಿರುತ್ತಿರಲಿಲ್ಲ. ಅಂಥ ಕೂಸನ್ನು ಕೈಯಲ್ಲಿ ಹಿಡಿದು ನಿಲ್ಲುವ ನರ್ಸ್ ಆಗುವುದಕ್ಕಿಂತ, ಅದು ಆಗದಂತೆ ಹೇಳಿಕೊಡುವವರಿಗೆ ಕಲಿಸುವವಳಾಗಬೇಕು ಎಂದು ಹಟ ಹಿಡಿದೆ. ಬಿ.ಎಸ್ಸಿ. ಮಾಡಿದೆ, ನಮ್ಮ ಮನೆತನದಲ್ಲಿ ಮೊದಲ ಪದವಿ. ಆಮೇಲೆ ದೂರದ ಊರಿನ ಕಾಲೇಜಿಗೆ ಎಂ.ಎಸ್ಸಿ.ಗೆ ಹೋದೆ. ರಜೆ ಕೊಡುವಾಗ, ಹೇಳಿದ ದಿನಕ್ಕೆ ಪದವಿ ಮುಗಿಸಿ ಬರಬೇಕು, ಇಲ್ಲದಿದ್ದರೆ ಇನ್ನೊಂದು ದಿನವೂ ರಜೆ ಇಲ್ಲ ಎಂದು ಬರೆಸಿಕೊಂಡಿದ್ದರು.

ಪದವಿಗೆ ಒಂದು ಅಧ್ಯಯನ ಮಾಡಬೇಕಿತ್ತು. ಹಳ್ಳಿಯ ಬಾಣಂತಿಯರ ಮನೆಗೆ ಹೋಗಿ, ಹೊಕ್ಕಳನ್ನು ಯಾವುದರಿಂದ ಕೊಯ್ದರು, ಅದನ್ನು ಕುದಿಸಿದ್ದರೋ ಇಲ್ಲವೋ, ಮೇಲೆ ಏನು ಹಚ್ಚಿದರು ಎಂದು ಕೇಳಿ ಬರೆದುಕೊಳ್ಳುವುದು. ನಾನು ದುಬಲಗುಂಡಿಯನ್ನೇ ಆರಿಸಿಕೊಂಡೆ. ಗುರುತಿನ ಊರು, ಉಂಡು ಮಲಗಲು ಅವ್ವನ ಮನೆ. ಜಾಣತನ ಮಾಡಿದೆನೆಂದು ತಿಳಿದಿದ್ದೆ.

ಊರಿಗೆ ಹೋದ ದಿನ ಸಂಜೆ, ಪ್ರಶ್ನೆಗಳು ನಮ್ಮ ಜನಕ್ಕೆ ತಿಳಿಯುತ್ತವೋ ಇಲ್ಲವೋ ಎಂದು ಮೊದಲು ಅವ್ವನನ್ನೇ ಕೂರಿಸಿಕೊಂಡು ಕೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ ಉತ್ತರ ಕೊಟ್ಟಳು.

"ಕುಡಗೋಲ. ಮತ್ತೇನ್ ತಲವಾರ್ ತರ್ತಾರೇನ? ನಿಂದೂ ಕುಡಗೋಲ್ಲೇ ಕೊಯ್ದದ್ದು."

"ಕುದಿಸಿದ್ರೇನು?"

"ಕುಡಗೋಲ್ ಏನ್ ಬ್ಯಾಳಿ ಆಗ್ಯದೇನ, ಕುದಸಾಕ?"

ನಾನು ನಕ್ಕು ಬರೆದುಕೊಂಡೆ. ಅವ್ವ ಹಿಟ್ಟಿನ ಕೈಯನ್ನು ಹಾಗೇ ನಿಲ್ಲಿಸಿ, "ಹಂಗಾದ್ರ ಖರೇ ಜವಾಬ್ ಯಾವುದು?" ಎಂದಳು.

ಕಲಿತವಳ ಗರ್ವ ನೋಡಿ, ನಾನು ಹೇಳಿಬಿಟ್ಟೆ. ಕುಡುಗೋಲಾದರೂ ನಡೆದೀತು, ಇಪ್ಪತ್ತು ನಿಮಿಷ ನೀರಿನಲ್ಲಿ ಕುದಿಸಬೇಕು, ಹೊಕ್ಕಳಿಗೆ ಏನೂ ಹಚ್ಚಬಾರದು. ಅವ್ವ ಎರಡು ಸಲ ಹೇಳಿಸಿಕೊಂಡಳು. ಮರುದಿನ ಬೆಳಗಾಗುವ ಮೊದಲೇ ಕಳೆ ತೆಗೆಯಲು ಹೊಲಕ್ಕೆ ಹೋದಳು. ನಾನು ಮೂರು ದಿನ ಮನೆಯಲ್ಲೇ ಕೂತು ಹಾಳೆಗಳಿಗೆ ಗೆರೆ ಎಳೆದೆ.

ಬಾಣಂತಿಯರು ಬಾಗಿಲು ತೆರೆಯುವರೆಂಬ ಭರವಸೆ ನನಗಿರಲಿಲ್ಲ. ಎಮರ್ಜೆನ್ಸಿಯಲ್ಲಿ ಹಿಡಿದು ಹಿಡಿದು ಸಂತಾನಹರಣ ಆಪರೇಷನ್ ಮಾಡಿದ ಕಾಲ ಕಳೆದು ಬಹಳ ವರ್ಷವಾಗಿರಲಿಲ್ಲ. ಬಿಳಿ ಸೀರೆಯವಳು ಕಾಗದ ಹಿಡಿದು ಬಂದರೆ ಗಂಡಸರು ಹಿತ್ತಲಿನಿಂದ ಹೊಲಕ್ಕೆ ಓಡುತ್ತಿದ್ದರು, ಹೆಂಗಸರು ಗಂಡ ಊರಲ್ಲಿಲ್ಲ ಎನ್ನುತ್ತಿದ್ದರು. ಆದರೆ ಈ ಸಲ ಎಲ್ಲ ಬಾಗಿಲೂ ತೆರೆದವು. "ಬರ್ರಿ ನರ್ಸಬಾಯಿ, ಕೂಡ್ರಿ" ಎಂದು ಕಂಬಳಿ ಹಾಸಿದರು. "ಕುಡಗೋಲ್ರಿ, ಇಪ್ಪತ್ತ್ ನಿಮಿಷ ಕುದಿಸೀವ್ರಿ, ಮ್ಯಾಲೆ ಏನೂ ಹಚ್ಚಿಲ್ರಿ" ಎಂದು, ನಾನು ಕೇಳುವ ಮೊದಲೇ, ಒಂದೇ ಉಸಿರಿನಲ್ಲಿ ಹೇಳಿದರು. ಮೊದಲ ಮನೆಯಲ್ಲಿ ಹೆಮ್ಮೆಯೆನಿಸಿತು. ಮೂರನೆಯ ಮನೆಯಲ್ಲಿ ಪೆನ್ನು ನಿಧಾನವಾಯಿತು. ಐದನೆಯ ಮನೆಯಲ್ಲಿ ಗೋಡೆ ನೋಡಿದೆ. ಗಡಿಯಾರವಿರಲಿಲ್ಲ, ಯಾರ ಕೈಯಲ್ಲೂ ಕೈಗಡಿಯಾರವಿರಲಿಲ್ಲ. ಇಪ್ಪತ್ತು ನಿಮಿಷವನ್ನು ಇವರು ಎಲ್ಲಿಂದ ತಂದರು? ಆರನೆಯ ಮನೆಯಲ್ಲಿ ಬಾಣಂತಿ ಬಾಯಿ ತೆರೆಯುವಷ್ಟರಲ್ಲಿ ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ ಶರಣಪ್ಪ ಮುತ್ಯಾ, ಎಂಬತ್ತು ದಾಟಿದವನು, ಮದುವೆಯೇ ಆಗದವನು, ಅಲ್ಲಿಂದಲೇ ಕೂಗಿದ: "ಇಪ್ಪತ್ತ್ ನಿಮಿಷ ಬರಕೋರಿ!"

ಯಾರೋ ಕಲಿಸಿದ್ದಾರೆ. ನನ್ನನ್ನು ಕೆಡಿಸಲೆಂದೇ ಕಲಿಸಿದ್ದಾರೆ. ನಾನು ಮೊದಲು ಸಂಶಯಪಟ್ಟದ್ದು ಸೂಲಗಿತ್ತಿ ಗುಂಡವ್ವನ ಮೇಲೆ. ಊರಿನ ಹೆರಿಗೆಗಳೆಲ್ಲ ಅವಳ ಕೈಯಲ್ಲೇ ಆಗುತ್ತಿದ್ದವು, ತನ್ನ ತಪ್ಪು ಮುಚ್ಚಲು ಹೀಗೆ ಮಾಡಿರಬೇಕು. ಅವಳ ಮನೆಗೆ ಹೋಗಿ ಕಾಲು ತೊಳೆಯದೆಯೇ ಜಗಳಕ್ಕೆ ನಿಂತೆ. ಗುಂಡವ್ವ ಎಲೆ ಅಡಿಕೆ ಅಗಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ನನ್ನ ಮ್ಯಾಲ ಯಾಕ ಹಾರ್ತೀರಿ? ನಿಮ್ಮವ್ವಗ ಕೇಳ್ರಿ. ಮೂರು ದಿನ ಆತು, ಕಳಿ ತೆಗಿಯೂ ಹೆಣ್ಣಮಕ್ಕಳಿಗೆಲ್ಲಾ ಪಾಠ ಹೇಳಾಕತ್ತಾಳ. ತಪ್ಪಿದೋರಿಗೆ ತಿರಿಗಿ ತಿರಿಗಿ ಹೇಳಸ್ತಾಳ. ನನಗೂ ಬಿಟ್ಟಿಲ್ಲ, ಮೂರು ಸಲ ಹೇಳಸ್ಯಾಳ."

ಮನೆಗೆ ಬಂದಾಗ ಅವ್ವ ಹೊಸ್ತಿಲಲ್ಲಿ ಕೂತು ಕಾಲಿನ ಮುಳ್ಳು ತೆಗೆಯುತ್ತಿದ್ದಳು. ಕೇಳಿದೆ. ಮುಚ್ಚಿಡಲಿಲ್ಲ.

"ಹೌದು, ಹೇಳೀನಿ. ಪರೀಕ್ಷಿ ನಿಂದಲ್ಲೇನ? ಊರ್ ಮಂದಿ ತಪ್ಪ್ ಹೇಳಿದ್ರ ನೀ ಫೇಲ್ ಆಗತಿದ್ದಿ."

"ಅವರ ಪರೀಕ್ಷೆ ಅಲ್ಲವ್ವ ಇದು! ಅವರು ಖರೇ ಹೇಳಬೇಕಿತ್ತು. ತಪ್ಪೇ ನನಗೆ ಬೇಕಿತ್ತು!"

"ತಪ್ಪ್ ಬೇಕಾಗಿತ್ತ?" ಅವ್ವ ನನ್ನನ್ನು ನೋಡಿದ ಬಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. "ಇಷ್ಟ್ ಓದಿಸಿದ್ದು ತಪ್ಪ್ ಬರಕೊಳ್ಳಾಕೇನ?"

ನಾನು ಆಡಬಾರದ್ದನ್ನು ಆಡಿದೆ. ಓದು ಬಾರದವಳು ಓದಿನಲ್ಲಿ ಕೈ ಹಾಕಬಾರದು ಎಂದೆ. ಅವ್ವ ಮುಳ್ಳನ್ನು ಚೆಲ್ಲಿ, ಸೆರಗು ಕೊಡವಿ, ಒಳಗೆ ಹೋದಳು. ಊಟಕ್ಕೆ ಕರೆದಳು, ಬಡಿಸಿದಳು.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಆ ಹಾಳೆಗಳನ್ನು ಹಾಗೇ ಒಪ್ಪಿಸಿಬಿಡಲೇ ಎಂದು ಎರಡು ದಿನ ಯೋಚಿಸಿದೆ. ನನ್ನ ಗೈಡ್ ಮೇಡಂ ದುಬಲಗುಂಡಿಗೆ ಯಾವ ಜನ್ಮದಲ್ಲೂ ಬರುವವರಲ್ಲ. ಒಪ್ಪಿಸಿದ್ದರೆ ದಿನಕ್ಕೆ ಸರಿಯಾಗಿ ಪದವಿ, ದಿನಕ್ಕೆ ಸರಿಯಾಗಿ ನೌಕರಿ. ಆದರೆ ಆ ಅಧ್ಯಯನದ ಪುಸ್ತಕ ಕಾಲೇಜಿನ ಕಪಾಟಿನಲ್ಲಿ ಕೂರುತ್ತದೆ, ನಮ್ಮ ಕಡೆಯ ಹಳ್ಳಿಗಳಲ್ಲಿ ಎಲ್ಲರೂ ಕುದಿಸುತ್ತಾರೆ ಎಂದು ಯಾರೋ ಓದುತ್ತಾರೆ, ಇತ್ತ ದವಾಖಾನೆಗೆ ಸೆಟೆದ ಕೂಸುಗಳು ಬರುತ್ತಲೇ ಇರುತ್ತವೆ. ನಡೆದದ್ದನ್ನೆಲ್ಲ ಬರೆದು ಮೇಡಂಗೆ ಕಾಗದ ಹಾಕಿದೆ. ಎರಡು ಸಾಲಿನ ಉತ್ತರ ಬಂತು: ಹಾಳೆಗಳನ್ನು ಹರಿದು ಹಾಕಿ, ಗುರುತಿಲ್ಲದ ಊರಿಗೆ ಹೋಗಿ.

ಬೇಮಳಖೇಡಕ್ಕೆ ಹೋದೆ. ಅಲ್ಲಿ ನನ್ನ ಗುರುತಿನವರು ಯಾರೂ ಇರಲಿಲ್ಲ, ಅವ್ವನ ಗುರುತಿನವರಂತೂ ಇಲ್ಲವೆಂದು ಮೂರು ಸಲ ವಿಚಾರಿಸಿಕೊಂಡೆ. ಒಂದು ವಾರ ಬಾಗಿಲುಗಳು ಮುಚ್ಚಿಯೇ ಇದ್ದವು. "ಆಪರೇಷನ್‌ದಾಕಿ ಬಂದಾಳ" ಎಂದು ಓಣಿ ತುಂಬ ಸುದ್ದಿ. ಅವ್ವ ಮೂರು ದಿನದಲ್ಲಿ ತೆರೆಸಿದ ಬಾಗಿಲುಗಳನ್ನು ತೆರೆಸಲು ನನಗೆ ಎರಡು ತಿಂಗಳು ಹಿಡಿಯಿತು. ಕೂಸುಗಳ ಕಣ್ಣು ತೊಳೆದೆ, ಮುದುಕಿಯರ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿದೆ, ಆಮೇಲೆ ಒಬ್ಬೊಬ್ಬಳಾಗಿ ನಿಜ ಹೇಳಿದರು: ಕುಡುಗೋಲು, ಜೋಳದ ದಂಟಿನ ಸಿಪ್ಪೆ, ಸಗಣಿಯ ಬೂದಿ. ಅಷ್ಟರಲ್ಲಿ ರಜೆ ಮುಗಿದಿತ್ತು. ಕೆಲಸಕ್ಕೆ ಮರಳಿ, ಪಾಳಿಗಳ ನಡುವೆ ಬರೆದು, ನನ್ನ ಜೊತೆಯವರಿಗಿಂತ ಒಂದೂವರೆ ವರ್ಷ ತಡವಾಗಿ ಪದವಿ ಪಡೆದೆ. ಅವ್ವನಿಗೆ "ಪಾಸಾದೆ" ಎಂದಷ್ಟೇ ಹೇಳಿದೆ. "ಕಾಗದ ಕೊಟ್ಟಾರೇನ?" ಎಂದಳು. ಕೊಟ್ಟಿದ್ದಾರೆ ಎಂದೆ. ಅವಳು ತಲೆಯಾಡಿಸಿದ ರೀತಿಯಲ್ಲೇ ನಂಬಿಕೆ ಇಲ್ಲವೆಂದು ಗೊತ್ತಾಗುತ್ತಿತ್ತು.

ಮೂರು ವರ್ಷದ ನಂತರ ನಾನು ಶಿಕ್ಷಕಿಯಾದೆ, ವಿದ್ಯಾರ್ಥಿನಿಯರನ್ನು ಹಳ್ಳಿ ತೋರಿಸಲು ದುಬಲಗುಂಡಿಗೆ ಕರೆದುಕೊಂಡು ಹೋದೆ. ಒಂದು ಬಾಣಂತಿಯ ಮನೆಯಲ್ಲಿ ಹುಡುಗಿಯೊಬ್ಬಳು ಅದೇ ಪ್ರಶ್ನೆ ಕೇಳಿದಳು. ಎಷ್ಟು ಹೊತ್ತು ಕುದಿಸಿದಿರಿ?

"ಹತ್ತ್ ರೊಟ್ಟಿ ಆಗೂತನಾರಿ."

ನನ್ನ ಕಿವಿ ನೆಟ್ಟಗಾಯಿತು. ಇದು ನನ್ನ ಮಾತಲ್ಲ. ಹತ್ತು ರೊಟ್ಟಿ ಬಡಿದು ಬೇಯಿಸಲು ಹೆಚ್ಚು ಕಡಿಮೆ ಇಪ್ಪತ್ತು ನಿಮಿಷ ಬೇಕು, ಆದರೆ ಅದು ಯಾವ ಪುಸ್ತಕದಲ್ಲೂ ಇಲ್ಲ. ನಾನು ನೀರು ಕೇಳುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಮೂಲೆಯಲ್ಲೊಂದು ಜರ್ಮನ್ ಬೋಗಾಣಿ, ಅಲ್ಯುಮಿನಿಯಂ ಪಾತ್ರೆ, ಬೋರಲು ಬಿದ್ದಿತ್ತು. ಎತ್ತಿ ಒಳಗೆ ನೋಡಿದೆ. ತಳದಲ್ಲಿ ಕಂದು ಬಣ್ಣದ ಅರ್ಧಚಂದ್ರ, ಕುಡುಗೋಲಿನ ಅಳತೆಯದೇ ತುಕ್ಕಿನ ಕಲೆ. ಬಾಯಿ ಸುಳ್ಳು ಹೇಳಬಹುದು, ಬೋಗಾಣಿಯ ತಳ ಹೇಳುವುದಿಲ್ಲ. ಇನ್ನೂ ನಾಲ್ಕು ಮನೆಗಳಲ್ಲಿ ಕಳ್ಳಿಯಂತೆ ಪಾತ್ರೆ ತಿರುಗಿಸಿ ನೋಡಿದೆ. ಎರಡರಲ್ಲಿ ಕಲೆಯಿತ್ತು, ಎರಡರಲ್ಲಿ ಇರಲಿಲ್ಲ.

"ನಿಮಗೆ ಇದನ್ನ ಯಾರು ಹೇಳಿದ್ರು?" ಎಂದು ಆ ಬಾಣಂತಿಯನ್ನು ಕೇಳಿದೆ.

ಅವಳು ನಕ್ಕಳು. "ಯಾರೇನ್ರಿ, ನಿಮ್ಮವ್ವ. ಯಾರ ಮನ್ಯಾಗ ಹೊಟ್ಟಿ ಬಂದ್ರೂ ಬರ್ತಾಳ್ರಿ. ಮೊದಲ ಬರೇ ಬಾಯಿಲೇ ಹೇಳಸ್ತಿದ್ಳು. ಈಗ ಕುದಿಯೂತನ ಎದುರಿಗೇ ಕೂಡ್ತಾಳ."

ಅವ್ವ ಆ ಹೊತ್ತು ಹಿತ್ತಲಲ್ಲಿ ತೊಗರಿ ಕೇರುತ್ತಿದ್ದಳು. ಯಾಕವ್ವ, ಪರೀಕ್ಷೆ ಮುಗಿದು ಮೂರು ವರ್ಷವಾಯಿತಲ್ಲ ಎಂದೆ. ಮೊರವನ್ನು ನಿಲ್ಲಿಸದೆಯೇ ಹೇಳಿದಳು:

"ಮುಗದದ ಅಂತ ನೀ ಅಂತಿ. ಆ ದೊಡ್ಡ ಮೇಡಂ ಒಂದಿನ ಬಂದು ತಿರಿಗಿ ಕೇಳಿದ್ರ? ಬೋಗಾಣಿ ತೋರಸ್ರಿ ಅಂದ್ರ? ಕೊಟ್ಟ ಕಾಗದ ಕಸಗೊಳ್ಳಾಕ ಎಷ್ಟೊತ್ತು? ಅದಕ್ಕ ಮಂದೀನ ತಯಾರ್ ಇಟ್ಟೀನಿ."

ನನ್ನ ಪದವಿಯನ್ನು ಯಾರೂ ಕಸಿದುಕೊಳ್ಳಬಾರದೆಂದು ಅವಳು ಒಂದು ಊರನ್ನೇ ಕಾವಲಿಗೆ ಹಚ್ಚಿದ್ದಳು. ಓದು ಬಾರದವಳು ಓದಿನಲ್ಲಿ ಕೈ ಹಾಕಬಾರದು ಎಂದಿದ್ದೆನಲ್ಲ. ಆ ಮಾತನ್ನು ವಾಪಸ್ ತೆಗೆದುಕೊಳ್ಳಬೇಕೆಂದು ಅವಳ ಪಕ್ಕ ಕೂತು ಮೊರ ತೆಗೆದುಕೊಂಡೆ. ಎರಡು ಮೊರ ತೊಗರಿ ಕೇರಿದೆ. ಅವ್ವ ನೋಡಿ, "ಕಲ್ಲ ಉಳದಾವ, ತಿರಿಗಿ ಕೇರು" ಎಂದಳು.

ಅವಳು ನಿಜವಾಗಿಯೂ ಮೇಡಂ ಬಂದಾರೆಂದು ಹೆದರಿದ್ದಳೋ, ಅಥವಾ ಎಲ್ಲ ತಿಳಿದೇ ಆ ನೆಪ ಹಿಡಿದಿದ್ದಳೋ, ನನಗೆ ಈಗಲೂ ಅನುಮಾನ.

ಮೊನ್ನೆ ಆ ವಾಸನೆ ಕೋಣೆ ತುಂಬಿಕೊಂಡಿತ್ತು. ಎಂಟು ಹುಡುಗಿಯರು ಅಂಕಕ್ಕಾಗಿ ಕಾಯುತ್ತಿದ್ದರು. ನಾನು ಕೇಳಿದೆ, "ಗಡಿಯಾರ ಇಲ್ಲದ ಮನೆಯಲ್ಲಿ ಇಪ್ಪತ್ತು ನಿಮಿಷ ಅಂದರೆ ಎಷ್ಟು?" ಎಂಟು ಬಾಯಿಗಳಿಂದ ಎಂಟು ಬೇರೆ ಬೇರೆ ಉತ್ತರ ಬಂದವು. ಅಲ್ಲಿಗೆ ನನಗೆ ಸ್ವಲ್ಪ ಸಮಾಧಾನವಾಯಿತು. ಅಂಕದ ಪುಸ್ತಕ ಮುಚ್ಚಿದೆ, ಬರುವ ತಿಂಗಳು ಮತ್ತೆ ಕೇಳುತ್ತೇನೆ, ನಿಮ್ಮ ನಿಮ್ಮ ಮನೆಯಲ್ಲಿ ಕುದಿಸಿ ಪಾತ್ರೆ ತಂದು ತೋರಿಸಿ ಎಂದೆ.

ಹಿಂದೆ ನಿಂತಿದ್ದ ಹುಡುಗಿ ಮೆಲ್ಲಗೆ ಕೇಳಿದಳು: "ಪರೀಕ್ಷಿ ಇವತ್ತಿಗಿ ಮುಗೀತಲ್ರಿ ಮೇಡಂ?"

"ಮುಗದದ ಅಂತ ಯಾರ್ ಹೇಳಿದ್ರು ನಿನಗ?" ಎಂದೆ. ಬಾಯಿ ನನ್ನದು. ಮಾತು ಎಲ್ಲಿಂದ ಬಂತೆಂದು ನಿಮಗೆ ಗೊತ್ತೇ ಇದೆ.