ರಿಮ್ಮಿಗೆ ಹಚ್ಚಿದ ಕೊಬ್ಬರಿ ಎಣ್ಣೆ

ಕಳೆದ ಭಾನುವಾರ ಬೆಳಿಗ್ಗೆ ವಸ್ತಾರೆ ಕಡೆ ಹೊರಡಲು ನಾವು ಐದಾರು ಹೆಂಗಸರು ಸೈಕಲ್ ಹಿಡಿದು ಚಿಕ್ಕಮಗಳೂರಿನ ನಮ್ಮ ಬೀದಿಯ ಕೊನೆಯಲ್ಲಿ ನಿಂತಿದ್ದೆವು. ಈ ಗುಂಪಿನಲ್ಲಿ ಯಾರೂ ಎಳೆಯರಲ್ಲ. ಒಬ್ಬಳಿಗೆ ಮಂಡಿನೋವು, ಇನ್ನೊಬ್ಬಳಿಗೆ ಬಿಪಿ, ನನಗೆ ಬಾಯಿ. ಏರು ಬಂದಾಗಲೆಲ್ಲ ರಸ್ತೆ ಮಾಡಿದವರನ್ನು ಬಯ್ಯುತ್ತಲೇ ಹತ್ತುವವಳು ನಾನು. ಪಕ್ಕದ ಮನೆಯ ಗೆಳತಿ ಕೊನೆಗೆ ಬಂದಳು. ಅವಳ ಹಳೆಯ ಸೈಕಲ್ಲು ಆವತ್ತು ಎಣ್ಣೆಸ್ನಾನಕ್ಕೆ ಕೂತ ಮಗುವಿನ ಹಾಗೆ ಮಿರಮಿರ ಮಿಂಚುತ್ತಿತ್ತು. ಹತ್ತಿರ ಬರುತ್ತಿದ್ದಂತೆ ಮೂಗಿಗೆ ಬಡಿಯಿತು… ಕೊಬ್ಬರಿ ಎಣ್ಣೆ. ತಲೆಗೆ ಹಚ್ಚಿದ ಎಣ್ಣೆಯ ವಾಸನೆ ಬೇರೆ, ರಾತ್ರಿಯಿಡೀ ಕಬ್ಬಿಣದ ಮೇಲೆ ಕೂತ ಎಣ್ಣೆಯ ವಾಸನೆ ಬೇರೆ. ನನಗೆ ಆ ಎರಡನೆಯದರ ಪರಿಚಯ ಚೆನ್ನಾಗಿಯೇ ಇದೆ.

ಇಳಿಯೇ ಕೆಳಗೆ ಎಂದು ನಾನು ಕೂಗಿದ್ದಕ್ಕೆ ಅವಳು ಹೆದರಿ ಇಳಿದೇಬಿಟ್ಟಳು. ಮಳೆಗಾಲ ಹತ್ತಿರ ಬಂತಲ್ಲ, ತುಕ್ಕು ಹಿಡಿಯಬಾರದು ಎಂದು ಅವಳ ಅತ್ತೆ ಚಕ್ರದ ರಿಮ್ಮಿನವರೆಗೂ ಎಣ್ಣೆ ಸವರಿದ್ದರಂತೆ. ಬ್ರೇಕಿನ ರಬ್ಬರು ಹಿಡಿಯುವುದೇ ಆ ರಿಮ್ಮನ್ನು. ಉಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಆ ವಾಸನೆ ನನ್ನನ್ನು ಎಳೆದುಕೊಂಡು ಹೋಗಿ ಕೊಟ್ಟಿಗೆಹಾರದ ಇಳಿಜಾರಿನಲ್ಲಿ ನಿಲ್ಲಿಸಿತ್ತು. ನಿಲ್ಲಿಸಿತ್ತು ಅನ್ನುವುದೂ ತಪ್ಪೇ, ಆ ದಿನದ ಕಷ್ಟವೇ ನಿಲ್ಲದೇ ಇದ್ದದ್ದು.

ಅಲ್ಲಿ ನಮಗೊಬ್ಬರು ಟೈಲರ್ ಅಕ್ಕ ಇದ್ದರು. ತೊಂಬತ್ತರ ದಶಕದ ಮಾತು. ಕೊಟ್ಟಿಗೆಹಾರದಿಂದ ಕಳಸದ ರಸ್ತೆಯಲ್ಲಿ ಸ್ವಲ್ಪ ದೂರ ಹತ್ತಿದರೆ ನಮ್ಮ ಮನೆ, ನಮ್ಮದು ನಾಲ್ಕು ಎಕರೆ ಕಾಫಿ, ಮರಗಳಿಗೆ ಹಬ್ಬಿದ ಒಂದಿಷ್ಟು ಮೆಣಸು. ನಮ್ಮ ಪಕ್ಕದ ದೊಡ್ಡ ಎಸ್ಟೇಟಿನಲ್ಲಿ ಜೀಪ್ ಡ್ರೈವರ್ ಆಗಿದ್ದವರ ಹೆಂಡತಿ ಈ ಅಕ್ಕ. ಕಡೂರಿನ ಬಯಲಿನಿಂದ ಮದುವೆಯಾಗಿ ಬಂದವರು, ಬರುವಾಗ ಪಾತ್ರೆ ಪಗಡದ ಜೊತೆ ತಮ್ಮ ಲೇಡೀಸ್ ಸೈಕಲನ್ನೂ ಲಾರಿಗೆ ಹಾಕಿಕೊಂಡು ಬಂದಿದ್ದರು. ಈ ಗುಡ್ಡದಲ್ಲಿ ಸೈಕಲ್ ಇಟ್ಟುಕೊಂಡು ಏನು ಮಾಡುತ್ತಾಳೆ, ಬಟ್ಟೆ ಒಣಹಾಕುತ್ತಾಳಾ ಎಂದು ಜನ ಆಡಿಕೊಂಡರು. ಅಕ್ಕ ಕೊಟ್ಟಿಗೆಹಾರದಲ್ಲಿ ಒಂದು ಚಿಕ್ಕ ಮಳಿಗೆ ಹಿಡಿದು ಹೊಲಿಗೆ ಮೆಷಿನ್ ಇಟ್ಟರು. ಬೆಳಿಗ್ಗೆ ಕ್ಯಾರಿಯರಿಗೆ ರವಿಕೆ ಬಟ್ಟೆಯ ಗಂಟು ಕಟ್ಟಿ ಇಳಿಯುವುದು, ಸಂಜೆ ತಳ್ಳಿಕೊಂಡು ಹತ್ತುವುದು. ಸೀರೆಯ ನೆರಿಗೆಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ ಇಳಿದು ಹೋಗುತ್ತಿದ್ದ ಅವರನ್ನು ನೋಡಲೆಂದೇ ನಾನು ಹಲ್ಲುಜ್ಜುವ ನೆಪದಲ್ಲಿ ರಸ್ತೆಗೆ ಬರುತ್ತಿದ್ದೆ. ಪ್ರತಿ ತಿರುವಿನಲ್ಲೂ ಅವರ ಗಂಟೆ ಟ್ರಿಣ್ ಅನ್ನುತ್ತಿತ್ತು. ಮಂಜಿನಲ್ಲಿ ಅಕ್ಕ ಮಾಯವಾದ ಮೇಲೂ ಗಂಟೆ ಕೇಳುತ್ತಿತ್ತು…

ನಾನು ಏಳನೇ ಕ್ಲಾಸು ಮುಗಿಸಿದ ವರ್ಷ ಮನೆಯಲ್ಲಿ ಹೈಸ್ಕೂಲಿನ ಮಾತು ಬಂತು. ಹೈಸ್ಕೂಲು ಇದ್ದದ್ದು ಕೆಳಗೆ. ಕಳಸದ ಕಡೆಯಿಂದ ಬರುವ ಬೆಳಗಿನ ಬಸ್ಸು ಬಾಗಿಲವರೆಗೆ ಜನ ತುಂಬಿಕೊಂಡು ಬರುತ್ತಿತ್ತು, ನಮ್ಮ ಸ್ಟಾಪಿನಲ್ಲಿ ನಿಲ್ಲಿಸುವುದು ಡ್ರೈವರನ ಮರ್ಜಿ. ನಡೆದು ಹೋಗೋಣವೆಂದರೆ ಕಾಡಿನ ಅಂಚಿನ ದಾರಿಯಲ್ಲಿ ಒಂಟಿ ಹುಡುಗಿ. ನನಗಿಂತ ಮೊದಲು ಏಳನೇ ಕ್ಲಾಸು ಮುಗಿಸಿದ ಇಬ್ಬರು ಹುಡುಗಿಯರು ಇದೇ ಕಾರಣಕ್ಕೆ ಮನೆಯಲ್ಲಿ ಕೂತಿದ್ದರು. ನನ್ನನ್ನೂ ಅವರ ಸಾಲಿಗೆ ಸೇರಿಸಲು ಅಪ್ಪನಿಗೆ ಇಷ್ಟವಿರಲಿಲ್ಲ, ಆದರೆ ಬೇರೆ ದಾರಿಯೂ ಕಾಣುತ್ತಿರಲಿಲ್ಲ. ಅಪ್ಪ ಕೆಟ್ಟವರಲ್ಲ, ಹೆದರುವವರು. ಹೆದರುವ ಅಪ್ಪಂದಿರನ್ನು ಒಪ್ಪಿಸುವುದು ಕೆಟ್ಟವರನ್ನು ಒಪ್ಪಿಸುವುದಕ್ಕಿಂತ ಕಷ್ಟ.

ಸೈಕಲ್ ಯಾಕಾಗಬಾರದು ಎಂದು ಕೇಳಿದವರು ಟೈಲರ್ ಅಕ್ಕ. ಚಿಕ್ಕಮಗಳೂರಿನಲ್ಲಿದ್ದ ಮಾವನ ಮಗಳ ಹಳೆಯ ಸೈಕಲ್ಲು ಬಸ್ಸಿನ ಟಾಪ್ ಮೇಲೆ ಬಂದಿಳಿಯಿತು. ಕಲಿಯುವುದಕ್ಕೆ ನಮ್ಮಲ್ಲಿ ಸಪಾಟು ಜಾಗ ಅಂತ ಇದ್ದದ್ದು ಒಂದೇ, ಎಸ್ಟೇಟಿನ ಕಾಫಿ ಕಣ. ಕುಯ್ಲು ಮುಗಿದು, ಒಣಗಿದ ಕಾಫಿಯೆಲ್ಲ ಮೂಟೆಯಾಗಿ ಹೋದ ಮೇಲೆ ಆ ಸಿಮೆಂಟಿನ ಕಣ ಖಾಲಿ ಬಿದ್ದಿರುತ್ತದೆ. ಅಕ್ಕ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹತ್ತಿರ ಕೇಳಿ, ಸಂಜೆ ಹೊತ್ತು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ಚೈನಿಗೆ ಸಿಕ್ಕದ ಹಾಗೆ ಕಾಲಿನ ಹತ್ತಿರ ಬಿಗಿಯಾಗಿರುವ ಚೂಡಿದಾರ್ ಪ್ಯಾಂಟು ಹೊಲಿದುಕೊಟ್ಟರು. ನಾನು ಬಿದ್ದರೆ ಎತ್ತುತ್ತಿರಲಿಲ್ಲ, ಸೈಕಲ್ಲನ್ನು ಎತ್ತಿ ಅದಕ್ಕೆ ಪೆಟ್ಟಾಯಿತಾ ಎಂದು ಸವರಿ ನೋಡುತ್ತಿದ್ದರು. ನನಗೆ ಉರಿದುಹೋಗುತ್ತಿತ್ತು. ಆ ಉರಿಗೇ ಬೇಗ ಕಲಿತೆ ಅಂತ ಕಾಣುತ್ತದೆ.

ಕಣದಲ್ಲಿ ಸುತ್ತುವುದು ಬಂದ ಮೇಲೆ ರಸ್ತೆಗೆ ಕರೆದೊಯ್ದರು. ಆದರೆ ಸೈಕಲ್ ಹತ್ತಲು ಬಿಡಲಿಲ್ಲ. ಕೊಟ್ಟಿಗೆಹಾರದವರೆಗೂ ತಳ್ಳಿಕೊಂಡು ನಡೆಸಿದರು. ದಾರಿಯಲ್ಲಿ ಎಸ್ಟೇಟುಗಳ ಒಳಗೆ ಹತ್ತುವ ಜೀಪ್ ರಸ್ತೆ ಸಿಕ್ಕಲ್ಲೆಲ್ಲ ನಿಲ್ಲಿಸಿ, ಇಲ್ಲೊಂದು ಏರು, ನೆನಪಿಟ್ಟುಕೋ ಎನ್ನುವರು. ಎಷ್ಟು ಸಲ ಹೀಗೆ ನಡೆಸಿದರೋ. ಈ ಅಕ್ಕನಿಗೆ ತಲೆ ಸರಿ ಇದೆಯಾ ಎಂದೂ ಅನಿಸಿತ್ತು. ಒಂದು ದಿನ ಕೇಳಿಯೇಬಿಟ್ಟೆ, ನಾವು ಹೋಗುವುದು ಕೆಳಗೆ, ಏರಿನ ಲೆಕ್ಕ ಯಾಕೆ ಎಂದು.

"ಬ್ರೇಕ್ ಕೈ ಕೊಟ್ರೆ ಕೆಳಗೆ ನೋಡ್ಬಾರ್ದು ಕಣೇ, ಪಕ್ಕದಲ್ಲಿ ಏರು ನೋಡ್ಬೇಕು," ಎಂದರು. "ಏರು ಕಂಡ್ರೆ ಸೈಕಲ್ಲಿಗೂ ಸೋಮಾರಿತನ. ತಾನಾಗೇ ನಿಲ್ಲತ್ತೆ."

ಬಯಲಿನಿಂದ ಬಂದ ಮೊದಲ ಮಳೆಗಾಲದಲ್ಲಿ ಅವರ ಬ್ರೇಕಿನ ವಯರು ತುಂಡಾಗಿ, ಅವರು ಯಾರದೋ ಕಾಫಿ ಗಿಡಗಳ ಮಧ್ಯೆ ಬಿದ್ದು ಎದ್ದದ್ದು ನನಗೆ ಆಮೇಲೆ ತಿಳಿಯಿತು.

ಅಪ್ಪನಿಗೆ ಆದರೂ ಧೈರ್ಯ ಬರಲಿಲ್ಲ. ಮರದ ಲಾರಿಗಳು ಬರುವ ರಸ್ತೆ, ಹಾವಿನಂಥ ತಿರುವು. ಹುಡುಗಿ ಓಡಿಸುತ್ತಾಳೆ ಸರಿ, ನಿಲ್ಲಿಸುತ್ತಾಳಾ ಅನ್ನುವುದೊಂದೇ ಅವರ ಪ್ರಶ್ನೆ. ಕೊನೆಗೆ ಒಂದು ಶರತ್ತು ಹಾಕಿದರು. ಅವರು ಕೊಟ್ಟಿಗೆಹಾರದ ಹೋಟೆಲಿನ ಮುಂದೆ ನಿಂತಿರುತ್ತಾರೆ. ನಾನು ಮನೆಯಿಂದ ಇಳಿದುಬಂದು ಅವರ ಮುಂದೆ ಸೈಕಲ್ ನಿಲ್ಲಿಸಬೇಕು. ನಿಲ್ಲಿಸಿದರೆ ಜೂನ್‌ನಲ್ಲಿ ಹೈಸ್ಕೂಲು. ಇಲ್ಲದಿದ್ದರೆ ಆ ಮಾತು ಇನ್ನು ಎತ್ತುವಂತಿಲ್ಲ.

ಹಿಂದಿನ ಸಂಜೆ ನಾನು ಪ್ಯಾಂಟಿಗೆ ಇಸ್ತ್ರಿ ಹಾಕುವ ಗಡಿಬಿಡಿಯಲ್ಲಿದ್ದೆ. ಅಮ್ಮ ಜಗುಲಿಯಲ್ಲಿ ಕೂತು ಸೈಕಲ್ ಒರೆಸುತ್ತಿದ್ದಳು. ನಮ್ಮ ಕಡೆ ಮಳೆ ಹಿಡಿಯುವುದಕ್ಕೆ ಮೊದಲು ಮನೆಯ ಕಬ್ಬಿಣಕ್ಕೆಲ್ಲ ಎಣ್ಣೆ ಕಾಣಿಸುವುದು ರೂಢಿ. ಕತ್ತಿ, ತರಕಾರಿ ಹೆಚ್ಚುವ ಮೆಟ್ಟುಗತ್ತಿ, ಬಾಗಿಲ ಚಿಲಕ, ಯಾವುದನ್ನೂ ಬಿಡುವುದಿಲ್ಲ. ಅಮ್ಮನ ಪಾಲಿಗೆ ಸೈಕಲ್ಲೂ ಕಬ್ಬಿಣವೇ. ಮಗಳು ಓದಲಿ ಎಂದು ಬಾಯಿಬಿಟ್ಟು ಹೇಳಲು ಅವಳಿಗೆ ಬರುತ್ತಿರಲಿಲ್ಲ, ಹೇಳುವುದೆಲ್ಲವನ್ನೂ ಆ ಕೊಬ್ಬರಿ ಎಣ್ಣೆಯ ಬಟ್ಟೆಯಲ್ಲಿ ಹೇಳಿದಳು. ಹ್ಯಾಂಡಲ್ಲು, ಕಡ್ಡಿಗಳು, ಎರಡೂ ಚಕ್ರದ ರಿಮ್ಮು… ನಾನು ನೋಡಿದೆ, ಎಷ್ಟು ಚಂದ ಹೊಳೆಯುತ್ತಿದೆ ಎಂದು ಖುಷಿಯೂ ಪಟ್ಟೆ.

ಬೆಳಿಗ್ಗೆ ಅಪ್ಪ ಮುಂಚೆಯೇ ಕೊಡೆ ಹಿಡಿದು ಇಳಿದು ಹೋಗಿದ್ದರು. ನಾನು ಮುಂದೆ, ಅಕ್ಕ ಹಿಂದೆ. ಮನೆಯ ಮುಂದಿನ ರಸ್ತೆ ಸ್ವಲ್ಪ ದೂರ ಸಪಾಟು, ಆಮೇಲೆ ಇಳಿಜಾರು. ಇಳಿಜಾರಿನ ಬಾಯಲ್ಲಿ ಮೆಲ್ಲಗೆ ಬ್ರೇಕ್ ಒತ್ತಿದೆ. ಸೈಕಲ್ಲಿಗೆ ಕೇಳಿಸಲಿಲ್ಲ. ಜೋರಾಗಿ ಒತ್ತಿದೆ. ಬ್ರೇಕಿನ ಹಿಡಿ ಹ್ಯಾಂಡಲ್ಲಿಗೆ ಅಂಟಿತು, ಸೈಕಲ್ಲು ಮಾತ್ರ ಬೆಣ್ಣೆ ಮೇಲೆ ಜಾರಿದ ಹಾಗೆ ಹೋಗುತ್ತಲೇ ಇತ್ತು. ಗಾಳಿ ಕಿವಿಯಲ್ಲಿ ಹೊಡೆಯತೊಡಗಿತು. ಹಿಂದಿನಿಂದ ಅಕ್ಕನ ಗಂಟೆ ಒಂದೇ ಸಮನೆ ಬಡಿಯುತ್ತಿತ್ತು. ಅವರೂ ಬ್ರೇಕ್ ಬಿಟ್ಟು ನನ್ನ ಬೆನ್ನಿಗೇ ಬರುತ್ತಿದ್ದಾರೆ ಎಂದು ಗೊತ್ತಾಯಿತು.

"ಏರು ನೋಡೇ," ಎಂದು ಅವರ ದನಿ ಬಂತು.

ಮುಂದಿನ ತಿರುವಿಗೆ ಮೊದಲು ಎಡಗಡೆ ಒಂದು ಗೇಟು ಇತ್ತು. ಯಾವಾಗಲೂ ತೆರೆದೇ ಇರುವ ಗೇಟು, ಒಳಗೆ ಸಿಲ್ವರ್ ಮರಗಳ ಮಧ್ಯೆ ಹತ್ತುವ ಜೀಪ್ ರಸ್ತೆ. ಅದರ ಮುಂದೆ ನನ್ನನ್ನು ಎಷ್ಟು ಸಲ ನಿಲ್ಲಿಸಿದ್ದರೆಂದರೆ, ನನಗಿಂತ ಮೊದಲು ನನ್ನ ಕೈ ಹ್ಯಾಂಡಲ್ಲನ್ನು ತಿರುಗಿಸಿತು. ಸೈಕಲ್ಲು ಜಲ್ಲಿಯ ಮೇಲೆ ಕುಣಿಯುತ್ತಾ ಏರು ಹತ್ತಿತು, ನಿಧಾನವಾಯಿತು, ನಿಂತಿತು, ಹಿಂದಕ್ಕೆ ಜಾರಲು ನೋಡಿತು. ನಾನು ಹಾರಿಕೊಂಡೆ. ಮಂಡಿ ತರಚಿತು, ಅಷ್ಟೇ. ರಸ್ತೆಯಲ್ಲಿ ಮರ ಹೊತ್ತ ಲಾರಿಯೊಂದು ಏದುಸಿರು ಬಿಡುತ್ತಾ ಆ ತಿರುವನ್ನು ಹತ್ತಿ ಬಂದು ಮುಂದೆ ಹೋಯಿತು. ಅದನ್ನು ನೋಡುತ್ತಾ ನಾನು ಜಲ್ಲಿಯ ಮೇಲೇ ಕೂತುಬಿಟ್ಟೆ.

ಅಕ್ಕ ಹಿಂದೆಯೇ ಬಂದು ತಮ್ಮ ಸೈಕಲ್ಲನ್ನು ಎಸೆದು ಓಡಿಬಂದರು. ಸೈಕಲ್ಲನ್ನು ಎಸೆದರು! ಆವತ್ತು ಅವರು ಸವರಿ ನೋಡಿದ್ದು ನನ್ನನ್ನು. ತಲೆ, ಕೈ, ಮಂಡಿ ಎಲ್ಲ ಮುಟ್ಟಿ ನೋಡಿದ ಮೇಲೆ ನನ್ನ ಸೈಕಲ್ಲಿನ ಹತ್ತಿರ ಹೋಗಿ ರಿಮ್ಮಿನ ಮೇಲೆ ಬೆರಳಾಡಿಸಿ ಮೂಸಿದರು. ನನ್ನ ಮುಖ ನೋಡಿದರು. ಇಬ್ಬರಿಗೂ ಅರ್ಥವಾಯಿತು. ಅವರಿಗೆ ಮೊದಲು ನಗು ಬಂತು, ನಗುತ್ತಲೇ ಅಳುವೂ ಬಂತು. ಆಮೇಲೆ ಒಣ ಮಣ್ಣು ಹಿಡಿ ಹಿಡಿ ತೆಗೆದುಕೊಂಡು ರಿಮ್ಮು ಉಜ್ಜಿದರು, ತಮ್ಮ ಸೀರೆ ಸೆರಗಿನಿಂದಲೇ ಒರೆಸಿದರು.

"ಅತ್ತಿಗೆಗೆ ಮಾತ್ರ ಹೇಳ್ಬೇಡ," ಎಂದರು. ಅಮ್ಮನನ್ನು ಅವರು ಕರೆಯುತ್ತಿದ್ದದ್ದು ಹಾಗೆ. "ಜೀವ ಇರೋವರೆಗೂ ಕೊರಗ್ತಾರೆ."

ಅಷ್ಟರಲ್ಲಿ ಅಪ್ಪ ಬಂದರು. ಹೊತ್ತಾದರೂ ನಾವು ಕಾಣದಿದ್ದಕ್ಕೆ ಹತ್ತಿಕೊಂಡೇ ಬಂದಿದ್ದರು. ನನ್ನ ಮಂಡಿಯ ರಕ್ತ ನೋಡಿ ಅವರ ಮುಖ ಬಿಳಿಚಿಕೊಂಡಿತು. ನನ್ನ ಹೈಸ್ಕೂಲು ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅಕ್ಕ ಎಣ್ಣೆಯದೊಂದು ಬಿಟ್ಟು ಉಳಿದದ್ದನ್ನೆಲ್ಲ ಇದ್ದ ಹಾಗೆ ಹೇಳಿದರು. ಬ್ರೇಕ್ ಹಿಡಿಯಲಿಲ್ಲ, ಇವಳೇ ಏರಿಗೆ ತಿರುಗಿಸಿ ನಿಲ್ಲಿಸಿದಳು ಎಂದು. ಅಪ್ಪ ಗೇಟಿನ ಹತ್ತಿರ ಹೋಗಿ ಕೆಳಗಿನ ತಿರುವನ್ನು ನೋಡಿದರು. ಮತ್ತೆ ಬಂದು ಏರಿನ ಮೇಲೆ ಬಿದ್ದಿದ್ದ ಚಕ್ರದ ಗುರುತನ್ನು ನೋಡಿದರು.

"ಬ್ರೇಕ್ ಇಲ್ದೆನೇ ನಿಲ್ಸಿದಾಳಲ್ಲ ಮಾರಾಯ್ತಿ," ಎಂದರು ಕೊನೆಗೆ ಅಕ್ಕನ ಕಡೆ ತಿರುಗಿ. "ಇನ್ನು ಬ್ರೇಕ್ ಇದ್ರೆ ನಿಲ್ಸದೇ ಇರ್ತಾಳಾ."

ನಾನು ಅತ್ತದ್ದು ಆಗ. ಅಪ್ಪ ತಾವೇ ನನ್ನ ಸೈಕಲ್ ತಳ್ಳಿಕೊಂಡು ಇಳಿದರು. ಹೋಟೆಲಿನಲ್ಲಿ ಬನ್ಸು, ಕಾಫಿ ಕೊಡಿಸಿದರು. ಲೋಟ ಎತ್ತುವಾಗ ಅವರ ಕೈ ಅರ್ಧಕ್ಕೆ ನಿಂತಿತು. ಅಂಗೈಯನ್ನು ಮೂಗಿನ ಹತ್ತಿರ ತಂದು ಅಕ್ಕನನ್ನು ನೋಡಿದರು. ಅಕ್ಕ ತಮ್ಮ ಕಾಫಿಯನ್ನು ಬಹಳ ಗಮನವಿಟ್ಟು ಆರಿಸುತ್ತಿದ್ದರು. ಅಪ್ಪ ಏನೂ ಕೇಳದೆ ಕೈಯನ್ನು ಪಂಚೆಗೆ ಒರೆಸಿಕೊಂಡರು. ಆ ಸಂಜೆ ಅಕ್ಕ ನಮ್ಮ ಮನೆಗೆ ಬಂದು, ಅತ್ತಿಗೆ, ರಿಮ್ಮಿಗೆ ಹಾಕಿದರೆ ಧೂಳು ಹಿಡಿಯುತ್ತದೆ, ಚೈನಿಗೊಂದು ಸಾಕು ಎಂದು ಮಾತಿನ ಮಧ್ಯೆ ಹೇಳಿ ಹೋದರು. ಅಮ್ಮ ನನ್ನ ಹೈಸ್ಕೂಲಿನ ಅಷ್ಟೂ ವರ್ಷ ಚೈನಿಗೆ ತಪ್ಪದೆ ಎಣ್ಣೆ ಬಿಟ್ಟಳು. ನನ್ನ ಮಗಳ ಸೈಕಲ್ಲು ತುಕ್ಕು ಹಿಡಿದದ್ದೇ ಇಲ್ಲ ಎಂದು ಬಂದವರಿಗೆಲ್ಲ ಹೇಳಿಕೊಂಡಳು.

ನಾನು ಹೈಸ್ಕೂಲು ಮುಗಿಸಿದೆ, ಕಾಲೇಜು ಮುಗಿಸಿದೆ, ಕೆಲಸಕ್ಕೂ ಸೇರಿದೆ. ನನ್ನ ಹಿಂದೆ ಆ ರಸ್ತೆಯಲ್ಲಿ ಇನ್ನೂ ಕೆಲವು ಹುಡುಗಿಯರು ಸೈಕಲ್ ಇಳಿಸಿದರು, ಅವರಿಗೂ ಮೊದಲು ಏರುಗಳ ಪಾಠವೇ ಆಯಿತು. ಎರಡು ಸಾವಿರದ ಇಸವಿಯ ಆಚೆ ಅಕ್ಕನ ಗಂಡ ಕೆಲಸ ಬಿಟ್ಟರು, ಅವರು ಕಡೂರಿಗೆ ವಾಪಸು ಹೋದರು. ನನ್ನ ಮದುವೆಯ ರವಿಕೆ ಹೊಲಿಸಲು ಅಲ್ಲಿಗೇ ಹೋಗಿದ್ದೆ. ಅಳತೆ ತೆಗೆಯುತ್ತಾ ಅಕ್ಕ ತಗ್ಗಿದ ದನಿಯಲ್ಲಿ ಅತ್ತಿಗೆಗೆ ಗೊತ್ತಾಯಿತಾ ಎಂದು ಕೇಳಿದರು. ಇಲ್ಲ ಅಕ್ಕ, ಅಪ್ಪನೂ ಬಾಯಿ ಬಿಟ್ಟಿಲ್ಲ ಎಂದೆ.

"ಸದ್ಯ," ಎಂದರು. ಅಷ್ಟು ವರ್ಷದಿಂದ ಹಿಡಿದಿಟ್ಟ ಉಸಿರನ್ನು ಬಿಟ್ಟವರ ಹಾಗೆ ಅಂದರು.

ಅವರನ್ನು ನೋಡಿದ್ದು ಅದೇ ಕೊನೆ. ಮತ್ತೊಮ್ಮೆ ಹೋಗಬೇಕು, ಹೋಗಬೇಕು ಅನ್ನುತ್ತಲೇ ಇದ್ದೆ… ಅವರು ಹೋದ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. ಆಮೇಲೆ ಅಪ್ಪ ಹೋದರು, ಕೊನೆಗೆ ಅಮ್ಮ. ಅಮ್ಮ ಏನೂ ತಿಳಿಯದೆ, ತನ್ನ ಎಣ್ಣೆಯ ಬಗ್ಗೆ ಹೆಮ್ಮೆ ಇಟ್ಟುಕೊಂಡೇ ಹೋದಳು. ಅದಕ್ಕೇ ಇದನ್ನು ಈಗ ಬರೆಯುವ ಧೈರ್ಯ ಬಂದಿದೆ.

ಭಾನುವಾರ ನಾನು ರಸ್ತೆ ಬದಿಯ ಒಣ ಮಣ್ಣು ತೆಗೆದು ಗೆಳತಿಯ ಸೈಕಲ್ಲಿನ ರಿಮ್ಮು ಉಜ್ಜಿದೆ. ಒರೆಸಲು ಯಾರೂ ಬಟ್ಟೆ ತಂದಿರಲಿಲ್ಲ, ನನ್ನ ವೇಲನ್ನೇ ಕೊಟ್ಟೆ. ಅತ್ತೆಗೆ ಇವತ್ತು ಸರಿಯಾಗಿ ಹೇಳುತ್ತೇನೆ ಎಂದು ಅವಳು ಸಿಡುಕುತ್ತಿದ್ದಳು. "ಏನೂ ಹೇಳ್ಬೇಡ ಮಾರಾಯ್ತಿ," ಎಂದೆ. "ಚೈನಿಗೊಂದು ಸಾಕು ಅಂತ ಮಾತ್ರ ಹೇಳು." ಅವಳು ಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದು ನನ್ನ ಮುಂದೆ ಬ್ರೇಕ್ ಒತ್ತಿದಳು. ಚಕ್ರ ಕಿರ್ ಎಂದು ನಿಂತಿತು.

ಸದ್ಯ, ಎಂದೆ. ಅಂದ ಮೇಲೆ ಅದು ಯಾರ ಮಾತೆಂದು ನೆನಪಾಯಿತು. ಉಳಿದವರು ಹೊರಟರೂ ನನಗೆ ಸ್ವಲ್ಪ ಹೊತ್ತು ಸೈಕಲ್ ಹತ್ತಲು ಆಗಲಿಲ್ಲ.