ಫ್ಯಾನಿಗೆ ಕಟ್ಟಿದ ಟಾರ್ಪಾಲು

ಜೂನ್ ಬಂತೆಂದರೆ ಕೊಡಗಿನಲ್ಲಿ ಎಲ್ಲರ ಕೈಗೂ ನೀಲಿ ಟಾರ್ಪಾಲು ಬರುತ್ತದೆ. ಸೌದೆ ರಾಶಿಗೆ, ಕೊಟ್ಟಿಗೆಗೆ, ಅಂಗಡಿ ಮುಂದಕ್ಕೆ, ಎಲ್ಲಿ ಇರಚಲು ಹೊಡೆಯುತ್ತದೋ ಅಲ್ಲಿಗೆ ಕಟ್ಟುವುದೇ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಪಕ್ಕ ನೆಲೆನಿಂತ ನಮ್ಮ ಮನೆಯವರೂ ಇದನ್ನು ಬೇಗ ಕಲಿತರು. ಅದೇ ಅಭ್ಯಾಸದಲ್ಲಿ ನಾನು ವಿಶ್ವವಿದ್ಯಾಲಯದ ಕೆಮಿಸ್ಟ್ರಿ ಲ್ಯಾಬಿಗೆ ಅಟೆಂಡರ್ ಆಗಿ ಸೇರಿದ ಮೊದಲ ಮಳೆಗಾಲ, ಗೋಡೆಯ ಎರಡೂ ಎಕ್ಸಾಸ್ಟ್ ಫ್ಯಾನುಗಳಿಗೆ ಹೊರಗಿನಿಂದ ಟಾರ್ಪಾಲು ಬಿಗಿದು ಕಟ್ಟಿದೆ. ಒಂದು ಹನಿಯೂ ಒಳಗೆ ಬರಲಿಲ್ಲ. ಎಲ್ಲರೂ ಭೇಷ್ ಅಂದರು.

ನೀರು ಬಾರದ ದಾರಿಯಲ್ಲಿ ಆಸಿಡ್ ಹೊಗೆ ಹೋಗುವುದಾದರೂ ಹೇಗೆ ಎಂದು ನನಗೂ ಹೊಳೆಯಲಿಲ್ಲ, ಪಿಎಚ್‌ಡಿ ಮಾಡಿದವರಿಗೂ ಹೊಳೆಯಲಿಲ್ಲ. ಸ್ವಿಚ್ ಹಾಕಿದರೆ ಫ್ಯಾನು ತಿರುಗುತ್ತಿತ್ತಲ್ಲ, ಅಷ್ಟೇ ಸಾಕಾಗಿತ್ತು. ಸುರಕ್ಷತೆಯ ರಿಜಿಸ್ಟರಿನಲ್ಲಿ ‘ಫ್ಯಾನು ಸರಿಯಿದೆ’ ಎಂದು ವಾರಕ್ಕೊಮ್ಮೆ ಬರೆಯುತ್ತಿದ್ದವಳೂ ನಾನೇ. ಮೂರು ಮಳೆಗಾಲ ಕೆಮ್ಮಿದೆ. ಥಂಡಿ ಎಂದುಕೊಂಡು ಕರಿಮೆಣಸಿನ ಕಷಾಯ ಕುಡಿದೆ. ಮಳೆ ನಿಂತು ಟಾರ್ಪಾಲು ತೆಗೆದರೆ ಕೆಮ್ಮೂ ಹೋಗುತ್ತಿತ್ತು. ಆಗಲೂ ಬುದ್ಧಿ ಬರಲಿಲ್ಲ ನೋಡಿ.

ನಾಲ್ಕನೆಯ ಜೂನಿನಲ್ಲಿ ಮತ್ತೆ ಕಟ್ಟಿ ಮತ್ತೆ ಕೆಮ್ಮು ಹಿಡಿದಾಗ ಡಾಕ್ಟರು ನನ್ನ ಎದೆ ಪರೀಕ್ಷಿಸಿ, “ಎಲ್ಲಿ ಕೆಲ್ಸ?” ಅಂದರು. ಹೇಳಿದೆ.

“ಗಾಳಿ ಆಡುತ್ತಾ ಅಲ್ಲಿ?”

ಫ್ಯಾನಿಗೆ ಟಾರ್ಪಾಲು ಕಟ್ಟಿದ್ದೇನೆ ಎನ್ನುವಾಗಲೇ ನನಗೆ ಹೊಳೆಯಿತು. ಹೀಗೇ ಬಿಟ್ಟರೆ ಉಬ್ಬಸ ಜನ್ಮಕ್ಕೆ ಅಂಟಿಕೊಳ್ಳುತ್ತದೆ ಎಂದರು. ನನ್ನ ಮೇಲೇ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮರುದಿನ ಬೆಳಿಗ್ಗೆ ಏಣಿ ಹಾಕಿ ಹಗ್ಗ ಕೊಯ್ದೆ.

ಇರಚಲು ನುಗ್ಗಿ ತೂಕದ ಮೆಷಿನ್ ಇಟ್ಟಿದ್ದ ಮೇಜು ಒದ್ದೆಯಾಯಿತು. ವಿಭಾಗದ ಮುಖ್ಯಸ್ಥರು ಕೆಂಡವಾದರು.

“ಏನಮ್ಮಾ ಇದು? ಮೆಷಿನ್ ಹಾಳಾದ್ರೆ ಯಾರು ಜವಾಬ್ದಾರಿ? ಈಗ್ಲೇ ಕಟ್ಟು.”

“ಮೆಷಿನ್ನ ಆಚೆ ರೂಮಲ್ಲಿ ಇಡಾಣ ಸಾರ್. ಟಾರ್ಪಾಲು ಮಾತ್ರ ಕಟ್ಟಲ್ಲ.”

“ಕಾಂಟ್ರ್ಯಾಕ್ಟ್ ಮೇಲಿದ್ದೀಯ, ನೆನಪಿರ್ಲಿ.”

“ನೆನಪೈತೆ ಸಾರ್. ಮೆಷಿನ್ ಹೋದ್ರೆ ಇನ್ನೊಂದು ತರ್ತೀರ. ನನ್ನೆದೆ ಹೋದ್ರೆ ನಾನೆಲ್ಲಿಂದ ತರ್ಲಿ?”

ಅಂದೇ ರಿಜಿಸ್ಟರ್ ತೆಗೆದು, ಟಾರ್ಪಾಲು ಕಟ್ಟಿದ್ದಷ್ಟು ದಿನವೂ ಫ್ಯಾನು ಸರಿಯಿದೆ ಎಂದು ಬರೆದದ್ದು ತಪ್ಪು, ಹೊಗೆ ಹೊರಗೆ ಹೋಗುತ್ತಿರಲಿಲ್ಲ ಎಂದು ಬರೆದಿಟ್ಟೆ.

ಸಂಜೆಯೊಳಗೆ ಮೆಮೊ ಬಂತು. ಯಾರ ಅನುಮತಿ ಪಡೆದು ಟಾರ್ಪಾಲು ತೆಗೆದಿರಿ, ಲಿಖಿತ ಉತ್ತರ ಕೊಡಿ. ಕಾಂಟ್ರ್ಯಾಕ್ಟ್ ಮುಂದುವರಿಸುವ ಸಮಯಕ್ಕೆ ಇನ್ನೊಂದೇ ತಿಂಗಳಿತ್ತು. ಆಫೀಸಿನ ಗುಮಾಸ್ತರು ಪಾಪ, “ತಪ್ಪಾಯ್ತು ಅಂತ ಬರ್ದ್ಬಿಡು, ಮುಗ್ದ್‌ಹೋಗ್ಲಿ” ಎಂದು ಪೆನ್ನು ಕೊಟ್ಟರು. ಅವರ ಪೆನ್ನಿನಲ್ಲೇ ಬರೆದೆ: ‘ಕಟ್ಟುವಾಗ ನಾನು ಯಾರ ಅನುಮತಿಯನ್ನೂ ಪಡೆದಿರಲಿಲ್ಲ. ಆಗ ಮೆಮೊ ಬರಲಿಲ್ಲ. ಈಗ ತೆಗೆದದ್ದೂ ನಾನೇ. ಮತ್ತೆ ಕಟ್ಟಿದರೆ ಮತ್ತೆ ತೆಗೆಯುತ್ತೇನೆ.’

ಆ ವರ್ಷ ನನ್ನ ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ. ಹೋಗಲಿ ಬಿಡಿ ಎನ್ನಲು ನಾನೇನು ಸನ್ಯಾಸಿಯಲ್ಲ, ಇವತ್ತಿಗೂ ಉರಿಯುತ್ತದೆ. ನನ್ನ ಜಾಗಕ್ಕೆ ಬಂದವಳು ಸುಂಟಿಕೊಪ್ಪದ ಹುಡುಗಿ. ಅವಳು ದಿನಾ ಬರುವ ಬಸ್ಸು ಹತ್ತಿ ಪಕ್ಕದಲ್ಲೇ ಕೂತು, ಇಳಿಯುವ ಸ್ಟಾಪಿನವರೆಗೂ ಎಲ್ಲ ಹೇಳಿದೆ.

ಮುಂದಿನ ಜೂನಿನಲ್ಲಿ ಅವಳೂ ಕಟ್ಟಲಿಲ್ಲ.